ತಗಡಿನ ಕೋಣೆಯ ಲೆಕ್ಕ: ನ್ಯೂಟನ್ ವಿಧಾನದವರೆಗೆ

ರಾಯಚೂರಿನ ನಮ್ಮ ಮನೆಯ ಹಿತ್ತಲ ಕೋಣೆಗೆ ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಅರ್ಧ ಮಿಲಿಮೀಟರ್ ತಗಡು. ಏಪ್ರಿಲ್ ಬಿಸಿಲಿಗೆ ಒಳಗಿನ ಶಾಖ ಹೇಗೆ ಏರಿಳಿಯುತ್ತದೆ ಎಂದು ಲೆಕ್ಕ ಹಾಕುವ ನನ್ನ ಪ್ರೋಗ್ರಾಂ ಈ ವಾರ ದಾರಿಗೆ ಬಂತು. "ಎರಡು ಕೊಡ ನೀರು ಹೊಯ್ದರೆ ತಗಡು ತಣ್ಣಗಾಗುತ್ತದೆ, ಇದಕ್ಕೇಕಪ್ಪಾ ಇಷ್ಟು ಲೆಕ್ಕ?" ಎನ್ನುತ್ತಾಳೆ ಅವ್ವ. ಆವಿಯಾಗುವ ನೀರನ್ನು ಇನ್ನೂ ಸೇರಿಸಿಲ್ಲ.

ತಾಪಮಾನ ಬದಲಾಗುವ ವೇಗವನ್ನು ಹೇಳುವ ಅವಕಲ ಸಮೀಕರಣಗಳು ಮೂರೇ: ತಗಡು, ಗಾಳಿ, ಗೋಡೆ. ತಗಡಿನ ಕಾಲಸ್ಥಿರಾಂಕ (ಬದಲಾವಣೆಗೆ ಒಗ್ಗಿಕೊಳ್ಳಲು ಹಿಡಿಯುವ ಸಮಯದ ಅಳತೆ) ಸುಮಾರು 90 ಸೆಕೆಂಡು, ಗೋಡೆಯದು ಸುಮಾರು 16 ಗಂಟೆ. ಹೀಗೆ ಅತಿ ವೇಗದ್ದೂ ಅತಿ ನಿಧಾನದ್ದೂ ಒಟ್ಟಿಗಿರುವುದೇ ಸ್ಟಿಫ್ ಸಮೀಕರಣಗಳ ಲಕ್ಷಣ. ನಮಗೆ ಬೇಕಿರುವುದು ಗೋಡೆಯ ನಿಧಾನದ ಕಥೆ. ಆದರೆ ಈಗಿನ ವೇಗವನ್ನೇ ಹಿಡಿದು ಮುಂದಿನ ತಾಪಮಾನ ಲೆಕ್ಕ ಹಾಕುವ ಸಾದಾ ಆಯ್ಲರ್ ವಿಧಾನದಲ್ಲಿ ಕಾಲದ ಹೆಜ್ಜೆ ಎಷ್ಟಿರಬೇಕೆಂದು ಅಪ್ಪಣೆ ಕೊಡುವುದು ತಗಡು. 180 ಸೆಕೆಂಡು ದಾಟುವಂತಿಲ್ಲ. 10 ನಿಮಿಷದ ಹೆಜ್ಜೆ ಇಟ್ಟರೆ 1 ಡಿಗ್ರಿ ವ್ಯತ್ಯಾಸ ಮುಂದಿನ ಹೆಜ್ಜೆಗೆ −5.7, ಅದರ ಮುಂದಕ್ಕೆ 32, ಆಮೇಲೆ −182.

ಹೆಜ್ಜೆಯ ಕೊನೆಯ ವೇಗವನ್ನು ಬಳಸುವ ಹಿಮ್ಮುಖ ಆಯ್ಲರ್ ಹಿಡಿದರೆ ಈ ಕಟ್ಟು ಇಲ್ಲ. ಹೊಸ ತಾಪಮಾನ ಸಮೀಕರಣದ ಎರಡೂ ಬದಿಗೆ ಬರುವುದರಿಂದ ಪ್ರತಿ ಹೆಜ್ಜೆಯಲ್ಲೂ ಅದನ್ನು ಬಿಡಿಸಬೇಕು, ಅಷ್ಟೇ. ಆದರೆ ನಿಜವಾದ ಪೇಚು ಇರುವುದು ಈ 'ಅಷ್ಟೇ'ಯಲ್ಲಿ. ಊಹೆಯನ್ನು ಬಲಬದಿಗೆ ಹಾಕಿ, ಬಂದದ್ದನ್ನು ಮತ್ತೆ ಅಲ್ಲಿಗೇ ಹಾಕುವ ಸರಳ ಪುನರಾವರ್ತನೆಯನ್ನು ಬೇಕೆಂದೇ ಓಡಿಸಿ ನೋಡಿದೆ. ಪ್ರತಿ ಸುತ್ತಿಗೂ ದೋಷ 600/90, ಅಂದರೆ ಆರೂವರೆ ಪಟ್ಟಿಗಿಂತ ಹೆಚ್ಚು ಹಿಗ್ಗಿತು. ಮುಂಬಾಗಿಲಿನಿಂದ ಅಟ್ಟಿದ ಹೆಜ್ಜೆಯ ಮಿತಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದಂತಾಯಿತು. ಹಿಮ್ಮುಖ ವಿಧಾನದ ಲಾಭ ಕೈಗೆ ಸಿಗಬೇಕಾದರೆ ನ್ಯೂಟನ್ ವಿಧಾನವೇ ಬೇಕು. ಅದು ಜಕೋಬಿಯನ್ (ಒಂದೊಂದು ತಾಪಮಾನ ಬದಲಾದರೆ ಒಂದೊಂದು ಸಮೀಕರಣ ಎಷ್ಟು ಬದಲಾಗುತ್ತದೆ ಎಂಬ ಕೋಷ್ಟಕ) ಮೂಲಕ ತಗಡಿನ ಆತುರವನ್ನು ಮೊದಲೇ ಲೆಕ್ಕಕ್ಕೆ ಹಿಡಿಯುತ್ತದೆ. ತಗಡು ಆಕಾಶಕ್ಕೆ ಸೂಸುವ ವಿಕಿರಣ ತಾಪಮಾನದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿದ್ದರೂ ಎರಡು ಮೂರು ಸುತ್ತಿನಲ್ಲಿ ಉತ್ತರ ನಿಲ್ಲುತ್ತದೆ.

ನಿಖರತೆ ಹೆಚ್ಚಿಸಲು, ಹೆಜ್ಜೆಯ ಎರಡೂ ತುದಿಯ ವೇಗಗಳ ಸರಾಸರಿ ಹಿಡಿಯುವ ಟ್ರೆಪೆಜಾಯ್ಡಲ್ ಸೂತ್ರವನ್ನೂ ನೋಡಿದೆ. ಸಿಡಿಯುವುದಿಲ್ಲ, ನಿಜ, ಆದರೆ ಒಂದು ಗಂಟೆಯ ಹೆಜ್ಜೆಯಲ್ಲಿ ತಗಡಿನ ದೋಷ ಪ್ರತಿ ಸಲ ಚಿಹ್ನೆ ಬದಲಿಸುತ್ತಾ ಹಿಂದಿನದರ 0.9 ಪಟ್ಟಿಗೆ ಮಾತ್ರ ಇಳಿಯುತ್ತದೆ. ಮೋಡವೊಂದು ಸರಿದುಹೋದ ಗುರುತು ನಡುರಾತ್ರಿಯ ಗ್ರಾಫಿನಲ್ಲೂ ಗರಗಸದ ಹಲ್ಲಿನಂತೆ ಕಾಣುತ್ತದೆ. ನನಗಿದು ಒಪ್ಪಿಗೆಯಿಲ್ಲ. ಎ-ಸ್ಥಿರವಾದ (ಹೆಜ್ಜೆ ಎಷ್ಟೇ ದೊಡ್ಡದಾದರೂ ಸಿಡಿಯದ) ರೇಖೀಯ ಬಹುಹೆಜ್ಜೆ ವಿಧಾನದ, ಅಂದರೆ ಹಿಂದಿನ ಹಲವು ಹೆಜ್ಜೆಗಳನ್ನು ಬಳಸುವ ವಿಧಾನದ, ದರ್ಜೆ (ನಿಖರತೆಯ ಮಟ್ಟ) 2 ಮೀರದು ಎಂದು ಸ್ವೀಡನ್ನಿನ ಗಣಿತಜ್ಞ ಡಾಲ್ಕ್ವಿಸ್ಟ್ 1963ರಲ್ಲೇ ಸಾಧಿಸಿರುವುದರಿಂದ, ಈ ಗರಗಸವನ್ನು ಬೇಗ ಅಳಿಸುವ ಎರಡನೇ ದರ್ಜೆಯ ಹಿಮ್ಮುಖ ವ್ಯತ್ಯಾಸ ಸೂತ್ರಕ್ಕೆ ಹೋಗುತ್ತೇನೆ.

ಅದಕ್ಕೂ ಮುಂಚೆ ಗೋಡೆ. ಇಡೀ ಗೋಡೆಗೆ ಒಂದೇ ತಾಪಮಾನ ಎಂದು ಹಿಡಿದದ್ದು ಕಲ್ಲಿಗೆ ಮಾಡಿದ ಅನ್ಯಾಯ. ಅದನ್ನು 20 ಪದರಗಳಾಗಿ ಸೀಳಿದರೆ, ಪ್ರತಿ ಪದರಕ್ಕೂ ಅಕ್ಕಪಕ್ಕದವುಗಳ ನಂಟು ಮಾತ್ರ ಇರುವುದರಿಂದ, ಜಕೋಬಿಯನ್ ಬಹುಪಾಲು ಮೂರು ಕರ್ಣಗಳದ್ದಾಗುತ್ತದೆ. ಪ್ರತಿ ಸುತ್ತಿಗೂ ಹೊಸದಾಗಿ ಕಟ್ಟದೆ ಹಳೆಯದನ್ನೇ ಎಷ್ಟು ಹೆಜ್ಜೆ ಎಳೆಯಬಹುದು ಎಂಬುದು ಮುಂದಿನ ವಾರದ ಕೆಲಸ.