ಡಿಸೋಜಾ ಹೆಸರಿಗೆ ಮುಗ್ಗರಿಸಿದ ಸ್ಕ್ರಿಪ್ಟ್

ಪವರ್‌ಶೆಲ್‌ನಲ್ಲಿ (ಮೈಕ್ರೋಸಾಫ್ಟ್‌ನ ಸ್ಕ್ರಿಪ್ಟ್ ಭಾಷೆ) ಬರೀ ಪಠ್ಯವನ್ನೇ ಕಮಾಂಡ್ ಅಂತ ಓಡಿಸುವ ಇನ್ವೋಕ್-ಎಕ್ಸ್‌ಪ್ರೆಶನ್ ಯಾಕೆ ಬೇಡ ಅಂತ ಗೋವಾದಲ್ಲಿ ಜಾಸ್ತಿ ವಿವರಿಸಬೇಕಿಲ್ಲ. ಇಲ್ಲಿನ ಹೆಸರುಗಳೇ ಸಾಕು. ಡಿಸೋಜಾ, ಡಿಸಿಲ್ವಾ ಅಂತ ಇಂಗ್ಲಿಷಿನಲ್ಲಿ ಬರೆದರೆ ಡಿ ಆದಮೇಲೆ ಅಪಾಸ್ಟ್ರಫಿ ಬರುತ್ತದೆ, ಪವರ್‌ಶೆಲ್ ಕಣ್ಣಿಗೆ ಅದು ಸಿಂಗಲ್ ಕೋಟ್, ಅಂದರೆ ಸ್ಟ್ರಿಂಗ್ (ಪಠ್ಯದ ತುಣುಕು) ಶುರುವಾಗುವ, ಮುಗಿಯುವ ಗುರುತು.

ವೆರ್ನಾದ ಆಫೀಸಿನಲ್ಲಿ ನಮ್ಮ ಕೈಗೆ ಒಂದು ಹಳೇ ಸ್ಕ್ರಿಪ್ಟ್ ಬಂತು. ಹೊಸಬರಿಗೆ ಅಕೌಂಟ್, ಫೋಲ್ಡರ್ ಮಾಡಿಕೊಡುವ ಕೆಲಸ ಅದರದ್ದು. ಯೂಸರ್, ಫೋಲ್ಡರ್, ಸರ್ವಿಸ್ ಅನ್ನುವ ಪದಗಳಿದ್ದ ಪುಟ್ಟ ಭಾಷೆ. ಒಳಗೆ ನೋಡಿದರೆ ಎಲ್ಲ ಸಾದಾ ಫಂಕ್ಷನ್‌ಗಳೇ, ಪವರ್‌ಶೆಲ್ ಕೋಡ್ ಪರೀಕ್ಷಿಸುವ ಪೆಸ್ಟರ್‌ನ ಡಿಸ್ಕ್ರೈಬ್, ಇಟ್ ಕೂಡ ಹಾಗೇ ಅಲ್ವಾ? ತೊಂದರೆ ಇದ್ದದ್ದು ಓಡಿಸುವ ರೀತಿಯಲ್ಲಿ: ಎಕ್ಸೆಲ್‌ನ ಪ್ರತಿ ಸಾಲನ್ನೂ ಕೋಟ್ ಹಾಕಿ ಒಂದೇ ಸ್ಟ್ರಿಂಗ್ ಆಗಿ ಹೊಲಿದು ಇನ್ವೋಕ್-ಎಕ್ಸ್‌ಪ್ರೆಶನ್‌ಗೆ ಕೊಡುತ್ತಿತ್ತು. ಡಿಸೋಜಾ ಬಂದ ಕೂಡಲೇ ಸ್ಟ್ರಿಂಗ್ ಮುಗಿದೇ ಇಲ್ಲ ಅಂತ ಎರರ್. ಎರರ್ ಬಂದರೆ ಪುಣ್ಯ. ಡಬಲ್ ಕೋಟ್ ಒಳಗಿನ ಪಾಸ್‌ವರ್ಡಿನಲ್ಲಿ ಡಾಲರ್ ಚಿಹ್ನೆ ಇದ್ದರೆ ಅದರ ಮುಂದಿನ ಅಕ್ಷರಗಳು ವೇರಿಯಬಲ್ ಆಗಿ, ಮೌಲ್ಯ ಇಲ್ಲದೆ ಖಾಲಿಯಾಗಿ, ಬೇರೆಯೇ ಪಾಸ್‌ವರ್ಡ್‌ನ ಅಕೌಂಟ್ ಸುಮ್ನೆ ತಯಾರಾಗುತ್ತದೆ.

ಸರಿಪಡಿಸಿದ್ದು ಸುಲಭವಾಗಿ. ಕಮಾಂಡ್ ಹೆಸರು ಒಂದು ವೇರಿಯಬಲ್‌ನಲ್ಲಿ, ಅದಕ್ಕಿಂತ ಮೊದಲು ಆಂಪರ್‌ಸ್ಯಾಂಡ್ (&). ಉಳಿದದ್ದೆಲ್ಲ ಹ್ಯಾಶ್‌ಟೇಬಲ್‌ನಲ್ಲಿ (ಹೆಸರು-ಮೌಲ್ಯ ಜೋಡಿಗಳ ಪಟ್ಟಿ) ಹಾಕಿ ಸ್ಪ್ಲ್ಯಾಟಿಂಗ್, ಅಂದರೆ ಆ ಪಟ್ಟಿಯನ್ನೇ ಕಮಾಂಡ್‌ಗೆ ಒಟ್ಟಿಗೆ ಕೊಡುವುದು. ಮೌಲ್ಯಗಳು ಮೌಲ್ಯಗಳಾಗಿಯೇ ಹೋಗುತ್ತವೆ, ಪಾರ್ಸರ್ (ಕೋಡ್ ಓದಿ ಬಿಡಿಸುವ ಭಾಗ) ಅವನ್ನು ಮತ್ತೆ ಓದುವುದಿಲ್ಲ.

ನನಗೆ ಜಾಸ್ತಿ ಮಜಾ ಕೊಟ್ಟದ್ದು ಸರ್ವಿಸ್ ಪದ. ನಮ್ಮ ಫಂಕ್ಷನ್ ಲೋಡ್ ಆಗದಿದ್ದರೆ ಎರರ್ ಬರಬೇಕು, ಬರಲಿಲ್ಲ! ಯಾವ ಕಮಾಂಡೂ ಸಿಗದಾಗ ಪವರ್‌ಶೆಲ್ ಆ ಹೆಸರಿನ ಮೊದಲಿಗೆ ಗೆಟ್ ಸೇರಿಸಿ ನೋಡುತ್ತದೆ, ಗೆಟ್-ಸರ್ವಿಸ್ ಓಡಿ ಸರ್ವಿಸ್‌ನ ಸ್ಥಿತಿ ತೋರಿಸಿ ಸುಮ್ಮನಾಗುತ್ತದೆ. ಲಾಗ್ ನೋಡಿದವರಿಗೆ ಕೆಲಸ ಆಗಿದೆ ಅಂತಲೇ ಅನಿಸುತ್ತದೆ. ಈಗ ಸ್ಕ್ರಿಪ್ಟ್‌ಬ್ಲಾಕ್‌ನ (ಕಮಾಂಡ್‌ಗಳ ಒಂದು ಕಟ್ಟು) ಇನ್ವೋಕ್‌ವಿತ್‌ಕಾಂಟೆಕ್ಸ್ಟ್ ಅನ್ನುವ ಮೆಥಡ್‌ಗೆ ನಮ್ಮ ಫಂಕ್ಷನ್‌ಗಳನ್ನೇ ಕೊಡುತ್ತೇವೆ, ಆ ಬ್ಲಾಕ್ ಓಡುವಾಗ ಮಾತ್ರ ಆ ಪದಗಳಿಗೆ ಜೀವ.

ಬೇರೆಯವರು ಬರೆದು ಕಳಿಸುವ ಫೈಲ್ ಆದರೆ ಸ್ಕ್ರಿಪ್ಟ್‌ಬ್ಲಾಕ್ ಮಾಡಿ, ಓಡಿಸುವ ಮೊದಲು ಅದರ ಚೆಕ್‌ರಿಸ್ಟ್ರಿಕ್ಟೆಡ್‌ಲ್ಯಾಂಗ್ವೇಜ್ ಅನ್ನುವ ತಪಾಸಣೆಯ ಮೆಥಡ್‌ಗೆ ಒಪ್ಪಿಗೆ ಇರುವ ಕಮಾಂಡ್‌ಗಳ ಪಟ್ಟಿ ಕೊಡಿ. ಪಟ್ಟಿಯಲ್ಲಿಲ್ಲದ್ದು ಕಂಡರೆ ಅಲ್ಲೇ ನಿಲ್ಲುತ್ತದೆ. ಆದರೆ ಒಳಗೆ ಇನ್ನೊಂದು ಸ್ಕ್ರಿಪ್ಟ್‌ಬ್ಲಾಕ್ ಇದ್ದರೂ ಒಪ್ಪುವುದಿಲ್ಲ. ಬ್ಲಾಕ್ ಒಳಗೆ ಬ್ಲಾಕ್ ಇಟ್ಟು ಚೆಂದ ಮಾಡಬೇಕು ಅಂತ ನಮ್ಮ ಹುಬ್ಬಳ್ಳಿ ಹುಡುಗನ ಆಸೆ. ಒಂದು ಸಾಲಿಗೆ ಒಂದು ಕಮಾಂಡ್, ಅಷ್ಟೇ ಸಾಕು ಮಾರಾಯ ಅಂದೆ.