ಸ್ವಿಚ್ ಹಾಕಬೇಡಿ ಮೇಷ್ಟ್ರೇ

ಮೈಸೂರು
16 ನವೆಂಬರ್ 2025, ಭಾನುವಾರ ರಾತ್ರಿ

ಬೆಳಗ್ಗೆಯಿಂದ ಮನೆ ತುಂಬ ನೆಂಟರು. ಅದೆಲ್ಲ ಬರೆಯುವಂಥದ್ದಲ್ಲ. ಸಂಜೆ ತಿಪಟೂರಿನಿಂದ ನನ್ನ ಹಳೆಯ ಲೆಕ್ಕದ ಮೇಷ್ಟ್ರು ಮಾಡಿದ ಫೋನ್ ಮಾತ್ರ ತಲೆಯಲ್ಲಿ ಕೂತಿದೆ. ಅವರ ಹತ್ತಿರ ಇರುವ ಬಿಬಿಸಿ ಮೈಕ್ರೋ, ಅಂದರೆ ನಮ್ಮ ಸ್ಕೂಲಿನಲ್ಲಿದ್ದ ಎಂಬತ್ತರ ದಶಕದ ಕಂಪ್ಯೂಟರಿನ ವಿಷಯ.

"ಮಿಷನ್ ಒರೆಸಿ ಟೇಬಲ್ ಮೇಲೆ ಇಟ್ಟಿದ್ದೀನಿ ಕಣಮ್ಮ. ಪ್ಲಗ್ ಹಾಕೋದೊಂದೇ ಬಾಕಿ" ಅಂದರು ಮೇಷ್ಟ್ರು.

ಎದೆ ಝಲ್ ಅಂತು. "ಬೇಡ ಮೇಷ್ಟ್ರೇ, ಸ್ವಿಚ್ ಹಾಕಬೇಡಿ. ಪ್ಲಗ್ಗನ್ನೂ ಹಾಕಬೇಡಿ" ಅಂದೆ. ದನಿ ಜೋರಾಯಿತು ಅನ್ನಿಸುತ್ತೆ, ಒಳಗಿಂದ ಅತ್ತೆ ಏನಾಯ್ತು ಅಂತ ಬಂದು ನೋಡಿದರು.

"ಯಾಕೆ, ಶಾಕ್ ಹೊಡೆಯುತ್ತಾ?"

"ಹೊಗೆ ಬರಬಹುದು."

"ಅಷ್ಟೇನಾ?" ಅಂದರು. ಆ ಮಾತಲ್ಲಿ ನಿರಾಸೆ ಇತ್ತು. ಸ್ಕೂಲಿನವರು ಗುಜರಿಗೆ ಹಾಕಲು ಹೊರಟಾಗ ಹರಾಜಿನಲ್ಲಿ ಕೂಗಿ ತಂದ ಮಿಷನ್ ಅದು. ತಿಪಟೂರಿನ ಮನೆಯ ಅಟ್ಟದ ಮೇಲೆ ಎಷ್ಟೋ ವರ್ಷ ಇತ್ತು. ಕೆಳಗಿಳಿಸಲು ಮೊಮ್ಮಗನನ್ನು ಕಾಡಿ ಬೇಡಿ ಒಪ್ಪಿಸಿದ್ದಾರೆ. ಎಂಬತ್ತು ದಾಟಿದವರಿಗೆ "ಇನ್ನೂ ಸ್ವಲ್ಪ ದಿನ ಕಾಯಿರಿ" ಅಂತ ಹೇಳುವುದು ಎಷ್ಟು ಕಷ್ಟ ಅಂತ ಇವತ್ತು ಗೊತ್ತಾಯಿತು.

ಆದರೂ ಹೇಳಿದೆ. ಬಿಬಿಸಿ ಮೈಕ್ರೋ ಇಟ್ಟುಕೊಂಡ ಎಲ್ಲರಿಗೂ ಮೊದಲು ಹೇಳುವ ಮಾತು ಇದೇ. ಪವರ್ ಸಪ್ಲೈ ಡಬ್ಬಿಯೊಳಗೆ, ಕರೆಂಟ್ ಬರುವ ಬಾಯಲ್ಲೇ, ಎರಡು ಕೆಪಾಸಿಟರ್, ಅಂದರೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ, ಇರುತ್ತವೆ. ಹಳದಿ ಮಿಶ್ರಿತ ಕಂದು ಬಣ್ಣ, ಗಾಜಿನ ಹಾಗೆ ಒಳಗಿನದು ಕಾಣುತ್ತದೆ. ಒಳಗೆ ಲೋಹ ಸವರಿದ ಕಾಗದದ ಸುರುಳಿ. ಮಿಷನ್ನಿನ ಗಲಾಟೆ ಮನೆಯ ಲೈನಿಗೆ ಹೋಗದ ಹಾಗೆ ತಡೆಯುವುದು ಅವುಗಳ ಕೆಲಸ. ನಲವತ್ತು ವರ್ಷದಲ್ಲಿ ಮೇಲಿನ ಕವಚ ಸೀಳು ಬಿಡುತ್ತದೆ. ಸೀಳಿನಿಂದ ಗಾಳಿಯ ತೇವ ಒಳಗೆ ಹೋಗಿ ಕಾಗದ ಅದನ್ನು ಕುಡಿಯುತ್ತದೆ. ಆಮೇಲೆ ಒಂದು ದಿನ 230 ವೋಲ್ಟ್ ಕೊಟ್ಟರೆ ಮೊದಲು ಬಿಸಿ, ಆಮೇಲೆ ಢಂ, ಆಮೇಲೆ ಮನೆ ತುಂಬ ದಟ್ಟ ಹೊಗೆ. ವಾಸನೆ ಎರಡು ದಿನ ಹೋಗುವುದಿಲ್ಲ. ಮಿಷನ್ನಿಗೆ ಅದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಎಷ್ಟೋ ಸಲ ಹೊಗೆಯ ನಡುವೆಯೂ ಓಡುತ್ತಲೇ ಇರುತ್ತದೆ. ನನಗೆ ಮಿಷನ್ನಿನ ಚಿಂತೆ ಇರಲಿಲ್ಲ. ಮಧ್ಯಾಹ್ನ ಹೊತ್ತು ಒಬ್ಬರೇ ಇರುವ ಮುದುಕರು, ಮುಚ್ಚಿದ ರೂಮು, ಉಬ್ಬಸದ ಎದೆ.

ಇದನ್ನೆಲ್ಲ ಅವರು ಶಾಂತವಾಗಿ ಕೇಳಿದರು. ಆಮೇಲೆ "ಸರಿ, ಬಿಚ್ಚೋದು ಹೇಗೆ ಹೇಳು" ಅಂದರು.

ನಾನು ಅಂದುಕೊಂಡಿದ್ದು ಬೇರೆ. ಶನಿವಾರ ಹೋಗಿ ಮಿಷನ್ ಕಾರಿನಲ್ಲಿ ಹಾಕಿಕೊಂಡು ಬರೋಣ, ಇಲ್ಲಿ ರಿಪೇರಿ ಮಾಡಿ ಬಣ್ಣಬಣ್ಣವಾಗಿ ಓಡಿಸಿ ವಾಪಸ್ ಕೊಡೋಣ ಅಂತ. ಹಾಗಂತ ಹೇಳಿಯೂ ಹೇಳಿದೆ.

"ಯಾಕೆ, ನನ್ನ ಕೈಗೇನಾಗಿದೆ?"

ಏನು ಹೇಳಲಿ? ಕೈ ನಡುಗುತ್ತದೆ ಅಂತ ಅವರಿಗೇ ಗೊತ್ತು. ಹೋದ ತಿಂಗಳು ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದಿದ್ದರು. ನಾನು ಸುಮ್ನಿದ್ದೆ. ಅವರೇ ಮುಂದುವರಿಸಿದರು. "ಎಂಟನೇ ಕ್ಲಾಸಿನಲ್ಲಿ ನಿನ್ನ ಲೆಕ್ಕ ನಾನು ಬಿಡಿಸಿಕೊಟ್ಟಿದ್ದೀನಾ ಯಾವತ್ತಾದ್ರೂ?"

ಇಲ್ಲ. ಒಂದು ದಿನವೂ ಇಲ್ಲ. ಬೋರ್ಡಿನ ಹತ್ತಿರ ನಿಲ್ಲಿಸಿ, ಸೀಮೆಸುಣ್ಣ ಕೈಗೆ ಕೊಟ್ಟು, ಕಾಯುತ್ತಿದ್ದರು.

ಹಾಗಾಗಿ ಹೇಳಿಕೊಟ್ಟೆ. ಮಿಷನ್ನಿನ ಹಿಂದೆ ಎರಡು, ಅಡಿಯಲ್ಲಿ ಎರಡು ಸ್ಕ್ರೂ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ "ಫಿಕ್ಸ್" ಅಂತ ಬರೆದಿರುತ್ತದೆ. ಅವು ಬಿಚ್ಚಿದರೆ ಮೇಲಿನ ಮುಚ್ಚಳ ಎತ್ತಿ ಬರುತ್ತದೆ. ಎಡಗಡೆ ಇರುವುದು ಪವರ್ ಸಪ್ಲೈ. ಅಲ್ಲಿಂದ ಬೋರ್ಡಿಗೆ ಮೂರು ಕೆಂಪು ವೈರು, ಮೂರು ಕಪ್ಪು, ಒಂದು ನೇರಳೆ. ಕೆಂಪು ಅಂದರೆ ಐದು ವೋಲ್ಟ್, ನೇರಳೆ ಅಂದರೆ ಮೈನಸ್ ಐದು. ಎಳೆಯುವ ಮೊದಲು ಯಾವುದು ಎಲ್ಲಿಗೆ ಅಂತ ಹಾಳೆಯಲ್ಲಿ ಚಿತ್ರ ಬರೆಯಬೇಕು. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಅವರು ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರಬಹುದು. ಅದಕ್ಕೆ ಅವರ ಬೀದಿಯ ಟಿವಿ ರಿಪೇರಿ ಹುಡುಗ ಇದ್ದಾನೆ, ಅವನಿಗೆ ಇದೆಲ್ಲ ದಿನದ ಕೆಲಸ. ಬೆಂಗಳೂರಿನ ಎಸ್‌ಪಿ ರೋಡಿನಿಂದ ನಾನು ತಂದಿಟ್ಟಿರುವ, ಮನೆಯ ಕರೆಂಟ್ ಲೈನಿಗೆ ಹಾಕುವಂಥ ಹೊಸ ಎಕ್ಸ್2 ಕೆಪಾಸಿಟರ್ ಎರಡನ್ನು ನಾಳೆ ಕೊರಿಯರ್ ಮಾಡುತ್ತೇನೆ. ಈಗಿನವು ಪ್ಲಾಸ್ಟಿಕ್ ಫಿಲ್ಮಿನವು, ಕಾಗದ ಇಲ್ಲ, ತೇವದ ಭಯ ಇಲ್ಲ.

ಮೇಷ್ಟ್ರು ಒಂದೊಂದನ್ನೂ ಬರೆದುಕೊಂಡರು. ಪೆನ್ನಿನ ಸದ್ದು ಫೋನಿನಲ್ಲೂ ಕೇಳುತ್ತಿತ್ತು. ಕೊನೆಗೆ "ನೇರಳೆ ಒಂದೇ ಅಂದ್ಯಲ್ಲ?" ಅಂತ ಕೇಳಿ ಖಚಿತ ಮಾಡಿಕೊಂಡರು.

ಈಗ ಯೋಚಿಸಿದರೆ, ತಾವೇ ಮಾಡಿಕೊಡದೆ ದಾರಿ ಮಾತ್ರ ತೋರಿಸುವ ಈ ಕ್ರಮ ನನಗೆ ಕಲಿಸಿದ್ದು ಅವರೊಬ್ಬರೇ ಅಲ್ಲ. ಹಳೆಯ ಬಿಬಿಸಿ ಮೈಕ್ರೋ ರಿಪೇರಿ ಬಗ್ಗೆ ನನಗೆ ಬರೆದು ತಿಳಿಸುವ, ಇಂಗ್ಲೆಂಡಿನ ಯಾರ್ಕ್‌ಷೈರಿನ ಅಜ್ಜನೂ ಹೌದು. ಅವರ ವಿಷಯ ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ. ನನ್ನ ಮಿಷನ್ ಆನ್ ಮಾಡಿದರೆ ಒಂದೇ ಸಮನೆ ಕೂಗುತ್ತಿದ್ದ ಕಾಲದಲ್ಲಿ ಅವರಿಗೆ ಮೊದಲ ಸಲ ಬರೆದಿದ್ದೆ. ಯಾವ ಚಿಪ್ ಬದಲಾಯಿಸಲಿ ಅಂತ ಕೇಳಿದರೆ, ಅವರು "ನಿನಗೆ ಏನು ಕೇಳಿಸ್ತಾ ಇದೆ, ಬರೆದು ಕಳಿಸು" ಅಂದರು. ಬಿಬಿಸಿ ಮೈಕ್ರೋ ಆನ್ ಆದಾಗ ಮೊದಲು ತಗ್ಗಿನ ಸ್ವರ, ಆಮೇಲೆ ಚಿಕ್ಕದೊಂದು ಬೀಪ್. ಕರೆಂಟ್ ಬಂದ ತಕ್ಷಣ ಸೌಂಡ್ ಚಿಪ್ ತನ್ನಷ್ಟಕ್ಕೆ ಕೂಗಲು ಶುರು ಮಾಡುತ್ತದೆ. ಮಿಷನ್ನಿನ ಮೆದುಳಾದ 6502 ಪ್ರೊಸೆಸರ್ ಎದ್ದು, ರಾಮ್ ಅನ್ನುವ ಮೆಮೊರಿ ನೋಡಿ, ಆ ಚಿಪ್ಪಿಗೆ ಸುಮ್ಮನಿರು ಅಂತ ಹೇಳಬೇಕು. ಕೂಗು ನಿಲ್ಲಲಿಲ್ಲ ಅಂದರೆ ಹೇಳಬೇಕಾದವನು ಎದ್ದೇ ಇಲ್ಲ. ಇಷ್ಟು ಅರ್ಥವಾದ ಮೇಲೆ ಎಲ್ಲಿ ಹುಡುಕಬೇಕು ಅಂತ ನನಗೇ ಹೊಳೆಯಿತು. ಸಾಕೆಟ್‌ನಲ್ಲಿ ಕೂತ ಚಿಪ್‌ಗಳನ್ನು ಒಂದೊಂದೇ ಬಿಡಿಸಿ, ಕಾಲು ಒರೆಸಿ, ಮತ್ತೆ ಒತ್ತಿ ಕೂರಿಸಿದೆ. ಕೂಗು ನಿಂತು "ಬಿಬಿಸಿ ಕಂಪ್ಯೂಟರ್ 32ಕೆ" ಅಂತ ಪರದೆ ಮೇಲೆ ಬಂದಾಗ ಅಡುಗೆಮನೆವರೆಗೂ ಓಡಿದ್ದೆ.

ಆ ಅಜ್ಜನಿಗೆ ನಾನು ಯಾರು? ಸಾವಿರಾರು ಮೈಲಿ ದೂರದ ಊರಿನ ಯಾರೋ ಒಬ್ಬಳು. ನನ್ನ ಪ್ರಶ್ನೆಗೆ ಎರಡು ಪುಟ ಉತ್ತರ ಬರೆದು, ಬೋರ್ಡಿನ ಫೋಟೋ ಮೇಲೆ ಕೆಂಪು ಬಾಣ ಹಾಕಿ ಕಳಿಸಿದ್ದರು. ಹೋದ ವರ್ಷ ಕಣ್ಣಿನ ಆಪರೇಷನ್ ಆದಾಗಲೂ ಮಗಳ ಕೈಯಲ್ಲಿ ಬರೆಸಿ ಉತ್ತರ ಕೊಟ್ಟರು. ನೆನೆಸಿಕೊಂಡರೆ ಗಂಟಲು ಕಟ್ಟುತ್ತದೆ.

ಊಟಕ್ಕೆ ಕರೆಯುತ್ತಿದ್ದಾರೆ. ಬಂದು ಬರೆಯುತ್ತೇನೆ.

ಬಂದೆ. ಅತ್ತೆಯ ಹುರುಳಿ ಸಾರು. ಹೊಟ್ಟೆ ಭಾರ.

ಮೇಷ್ಟ್ರ ಕ್ಯಾಸೆಟ್ ವಿಷಯ ಬರೆಯಬೇಕು. ಆಗ ಪ್ರೋಗ್ರಾಮುಗಳನ್ನು ಟೇಪ್ ರೆಕಾರ್ಡರಿನ ಕ್ಯಾಸೆಟ್‌ನಲ್ಲೇ ಉಳಿಸುತ್ತಿದ್ದೆವು. ಮಿಷನ್ ಅವರ ಹತ್ತಿರ ಇದೆ, ಕ್ಯಾಸೆಟ್ ನನ್ನ ಹತ್ತಿರ. ಲೇಬಲ್ ಮೇಲೆ ಅವರದೇ ಅಕ್ಷರದಲ್ಲಿ "ಅಕ್ಷರ, 1988". ಆಗ ನಾನು ಅದೇ ಸ್ಕೂಲಿನಲ್ಲಿದ್ದೆ. ಸ್ಕೂಲುಗಳಲ್ಲಿ ಕಂಪ್ಯೂಟರ್ ಕಲಿಸುವ ಸರ್ಕಾರದ ಕ್ಲಾಸ್ ಯೋಜನೆ 1984-85ರಲ್ಲಿ ಶುರುವಾಗಿ, ಹತ್ತಿರ ಹತ್ತಿರ 12,000 ಬಿಬಿಸಿ ಮೈಕ್ರೋ ನಮ್ಮ ದೇಶದ ಸ್ಕೂಲುಗಳಿಗೆ ಬಂದವು. ಕೇಂಬ್ರಿಜ್‌ನ ಏಕಾರ್ನ್ ಕಂಪನಿಯದು, ಇಂಗ್ಲೆಂಡಿನಲ್ಲಿ 1981ರ ಕೊನೆಗೆ ಬಂದದ್ದು. ನಮ್ಮೂರಿನಂಥ ಊರಿಗೂ ಬಂತಲ್ಲ, ಅದು ನನಗೆ ಈಗಲೂ ಆಶ್ಚರ್ಯ. ಒಂದು ಮಿಷನ್ ಸುತ್ತ ನಾಲ್ಕೈದು ಮಕ್ಕಳು ಕೂರುತ್ತಿದ್ದೆವು. ಚಪ್ಪಲಿ ಹೊರಗೆ ಬಿಡಬೇಕು. ಪುಸ್ತಕ ಇಂಗ್ಲಿಷು, ಪ್ರೋಗ್ರಾಮ್ ಬರೆಯುವ ಬೇಸಿಕ್ ಭಾಷೆ ಇಂಗ್ಲಿಷು, ಕೀಬೋರ್ಡ್ ಇಂಗ್ಲಿಷು. ನಮಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅದಕ್ಕೇ ಪರದೆ ಮೇಲೆ ಕನ್ನಡ ಅಕ್ಷರ ಮೂಡಿಸಲು ಮೇಷ್ಟ್ರು ಗ್ರಾಫ್ ಪುಸ್ತಕ ಹಿಡಿದು ಕೂತರು.

ಈ ಮಿಷನ್ನಿನಲ್ಲಿ ಒಂದು ಒಳ್ಳೆಯ ಅನುಕೂಲ ಇದೆ. ವಿಡಿಯು 23 ಅನ್ನುವ ಆಜ್ಞೆಯಿಂದ ನಮ್ಮದೇ ಅಕ್ಷರ ಮಾಡಿಕೊಳ್ಳಬಹುದು. ಒಂದು ಅಕ್ಷರಕ್ಕೆ ಎಂಟು ಸಾಲು, ಸಾಲಿಗೆ ಎಂಟು ಚೌಕ. ಎಡದಿಂದ ಬಲಕ್ಕೆ ಚೌಕದ ಬೆಲೆ 128, 64, 32, 16, 8, 4, 2, 1. ತುಂಬಿದ ಚೌಕಗಳ ಬೆಲೆ ಕೂಡಿಸಿದರೆ ಆ ಸಾಲಿನ ಸಂಖ್ಯೆ ಸಿಗುತ್ತದೆ. ಎಲ್ಲಕ್ಕಿಂತ ಸುಲಭ ಠ. ವಿಡಿಯು 23,224,60,66,129,153,153,129,66,60. ಟೈಪ್ ಮಾಡಿ, 224ನೇ ಅಕ್ಷರ ಪ್ರಿಂಟ್ ಮಾಡಿದರೆ, ಸುತ್ತು, ನಡುವೆ ಬೊಟ್ಟು, ಠ ಬಂದು ಕೂರುತ್ತದೆ. ಪರದೆಗೆ ಬೇರೆ ಬೇರೆ ಮೋಡ್‌ಗಳಿವೆ. ಮೋಡ್ 7ರಲ್ಲಿ ಆಗುವುದಿಲ್ಲ, ಅಲ್ಲಿನ ಅಕ್ಷರಗಳು ಟೆಲಿಟೆಕ್ಸ್ಟ್ ಚಿಪ್ಪಿನೊಳಗೇ ಇರುತ್ತವೆ. ಮೋಡ್ 4ಕ್ಕೆ ಹೋಗಬೇಕು, ಅದಕ್ಕೆ 10 ಕೆ ಮೆಮೊರಿ ಬೇಕು. ಇರುವುದೇ 32 ಕೆ.

ಠ ಸರಿ, ಆದರೆ ಖ? ಝ? ಒತ್ತಕ್ಷರ? ಎಂಟು ಚೌಕದ ಅಗಲದಲ್ಲಿ ಝ ಹಿಡಿಸಲು ಸಾಧ್ಯವೇ ಇಲ್ಲ. ಸುಲಭಕ್ಕೆ ಸಿಗುವ ಜಾಗ 224ರಿಂದ 255ರವರೆಗೆ, ಅಂದರೆ 32 ಮಾತ್ರ. ಮೇಷ್ಟ್ರು ಮಾಡಿದ ಉಪಾಯ ಈಗ ಕ್ಯಾಸೆಟ್ ಬಿಚ್ಚುತ್ತಾ ಬಂದಂತೆ ಕಾಣುತ್ತಿದೆ. ತಲೆಕಟ್ಟು ಒಂದು ಕಡೆ, ಹೊಟ್ಟೆ ಒಂದು ಕಡೆ, ಕೊಂಬು ಇನ್ನೊಂದು ಕಡೆ. ಚೂರುಗಳನ್ನು ಜೋಡಿಸಿ ಅಕ್ಷರ ಮಾಡಿದ್ದಾರೆ. ಒಂದೇ ತಲೆಕಟ್ಟು ಎಷ್ಟು ಅಕ್ಷರಕ್ಕೆ ಬಂದಿದೆ! ಇದನ್ನು ನೋಡಿ ನನಗೆ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ ಅವರಿಗೆ. ತಿಪಟೂರಿನಲ್ಲಿ ಕೇಳಲು ಯಾರಿದ್ದರು?

ಕ್ಯಾಸೆಟ್ ಮೊದಲು ಓದಲೇ ಇಲ್ಲ. ವಾಕ್‌ಮನ್‌ನಿಂದ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿ ನೋಡಿದರೆ ಅಲೆಗಳೆಲ್ಲ ಮೊಂಡು. ಒಂದು ತುಣುಕು ಅಜ್ಜನಿಗೆ ಕಳಿಸಿದ್ದೆ. ಇದನ್ನು ನೀವೇ ಬಿಡಿಸಿಕೊಡ್ತೀರಾ ಅಂತಲೂ ಕೇಳಿದ್ದೆ. ಅವರು ಬರೆದರು: ಟೇಪ್ ಓದುವ ಹೆಡ್ ಪಕ್ಕ ಒಂದು ಪುಟ್ಟ ಸ್ಕ್ರೂ ಇದೆ, ಟೇಪ್ ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ತಿರುಗಿಸು, ಸ್ವರ ಯಾವಾಗ ಹೆಚ್ಚು ಚುರುಕಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸು. ಫೈಲ್ ಶುರುವಾಗುವ ಮೊದಲು ಸುಮಾರು ಐದು ಸೆಕೆಂಡ್ 2400 ಹರ್ಟ್ಸ್‌ನ ಒಂದೇ ಸ್ವರ ಬರುತ್ತದೆ, ಅದನ್ನೇ ಕೇಳಿ ಹೊಂದಿಸು. ತಂಬೂರಿ ಶ್ರುತಿ ಮಾಡಿದ ಹಾಗೆಯೇ ಆಯಿತು. ಒಂದು ಕಡೆ ಮಂಕು, ಇನ್ನೊಂದು ಕಡೆ ಮಂಕು, ನಡುವೆ ಒಂದು ಜಾಗದಲ್ಲಿ ಸ್ವರ ಬಿಚ್ಚಿಕೊಂಡಿತು.

ಆಮೇಲೆ ಬಂತು ನೋಡಿ. 1200 ಹರ್ಟ್ಸ್‌ನ ಒಂದು ಅಲೆ ಅಂದರೆ ಸೊನ್ನೆ, 2400ರ ಎರಡು ಅಲೆ ಅಂದರೆ ಒಂದು. ಸೆಕೆಂಡಿಗೆ 120 ಬೈಟ್. 256 ಬೈಟಿನ ಒಂದೊಂದು ಬ್ಲಾಕ್, ಪ್ರತಿ ಬ್ಲಾಕಿನ ಕೊನೆಗೆ ಸರಿಯಿದೆಯಾ ಅಂತ ನೋಡಲು ಎರಡು ಬೈಟಿನ ತಾಳೆ. ಒಂದಾದ ಮೇಲೊಂದು ತಾಳೆಯಾಗುತ್ತಾ ಹೋಯಿತು. 07ನೇ ಬ್ಲಾಕಿನಲ್ಲಿ ನಿಂತಿತು. ಅಲ್ಲಿ ಟೇಪ್ ಮಡಚಿಕೊಂಡಿದೆ, ಕಣ್ಣಿಗೇ ಕಾಣುವ ಗೆರೆ ಇದೆ. ನಿಜವಾದ ಮಿಷನ್ನಿಗೆ ಹಾಕಿದರೂ ಅಲ್ಲಿಗೆ ಬಂದು "ಡೇಟಾ?" ಅಂತ ಕೇಳುತ್ತದೆ, ರಿವೈಂಡ್ ಮಾಡು ಅನ್ನುತ್ತದೆ. ಎಷ್ಟು ರಿವೈಂಡ್ ಮಾಡಿದರೂ ಮಡಿಕೆ ಮಡಿಕೆಯೇ.

06ರ ಕೊನೆಯ ಸಾಲು ಡ. 08 ಶುರುವಾಗುವುದು ದ ಅರ್ಧಕ್ಕೆ. ನಡುವೆ ಇರುವುದು ಢ, ಣ, ತ, ಥ.

ಇದನ್ನು ಮೇಷ್ಟ್ರಿಗೆ ಇವತ್ತು ಫೋನಿನಲ್ಲೇ ಹೇಳಿದೆ. ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. "ನಾಲ್ಕು ಅಕ್ಷರ ತಾನೇ, ಗ್ರಾಫ್ ಹಾಳೆ ತರಿಸ್ತೀನಿ, ಬರೆದುಕೊಡ್ತೀನಿ" ಅಂದುಬಿಟ್ಟರು. ಖುಷಿಯಾಗಿದ್ದರು, ನಿಜ ಹೇಳುತ್ತೇನೆ. ಕೆಲಸ ಸಿಕ್ಕಿತಲ್ಲ ಅಂತ.

ನನಗೇ ಯಾಕೋ ಒಪ್ಪಿಗೆ ಇಲ್ಲ. 1988ರ ಣ ಹೇಗಿತ್ತು ಅಂತ ನೋಡುವ ಆಸೆ ನನಗೆ. ಆಗ ಅವರು ಯಾವ ಚೌಕ ತುಂಬಿದ್ದರು, ಯಾವುದನ್ನು ಬಿಟ್ಟಿದ್ದರು? ಮಡಚಿದ ಜಾಗವನ್ನು ಬೆರಳಿನಿಂದ ಮೆಲ್ಲಗೆ ನೀವಿ, ಆ ಎರಡು ಸೆಕೆಂಡನ್ನು ಮತ್ತೆ ಮತ್ತೆ ರೆಕಾರ್ಡ್ ಮಾಡಿ, ಅಲೆ ಅಲೆಯಾಗಿ ಕೈಯಲ್ಲೇ ಎಣಿಸಿದರೆ ಅರ್ಧವಾದರೂ ಸಿಗಬಹುದು. ಅಜ್ಜ ಹೀಗೆ ಕೈಯಲ್ಲಿ ಎಣಿಸಿ ಟೇಪ್ ಉಳಿಸಿದ್ದು ಹೇಳಿದ್ದರು. ರಾತ್ರಿ ಒಂಬತ್ತೂವರೆ, ಅಲ್ಲಿ ಈಗ ಸಂಜೆ ನಾಲ್ಕು. ಬರೆದು ಕೇಳಬಹುದು.

ಆದರೆ ಮೇಷ್ಟ್ರು ಬರೆಯಲು ಹೊರಟಿದ್ದಾರೆ. ಹಳೆಯದು ಸಿಕ್ಕಿತು ಅಂತ ನಾನು ಹೇಳಿದರೆ ಅವರ ಗ್ರಾಫ್ ಹಾಳೆ ಏನಾಗಬೇಕು? ಎರಡನ್ನೂ ಇಡಬಹುದು ಅನ್ನಿ, 224ರಲ್ಲಿ ಒಂದು, 225ರಲ್ಲಿ ಇನ್ನೊಂದು. ಜಾಗ ಸಾಲದೆ ಹೋದರೆ ಫಾಂಟಿಗೆ ಇನ್ನಷ್ಟು ಮೆಮೊರಿ ಬಿಡಿಸಿಕೊಳ್ಳುವ ಆಜ್ಞೆ ಇದೆ, 32 ಅಕ್ಷರಕ್ಕೆ 256 ಬೈಟ್ ಹೋಗುತ್ತದೆ, ಅಷ್ಟು ಹೋದರೆ ಪ್ರೋಗ್ರಾಮಿಗೆ ಉಳಿಯುವುದು ಸಾಕಾ ಅಂತ ಲೆಕ್ಕ ಹಾಕಬೇಕು, ಅವರ ತಲೆಕಟ್ಟಿನ ಚೂರು ಎಲ್ಲಿ ಕೂತಿದೆ ಅಂತ ಮೊದಲು ನೋಡಬೇಕು.