ಮೊದಲು ಕಾಯಬೇಕಾದದ್ದು ಇ-ಮೇಲ್ ಖಾತೆಯನ್ನು

ಕೆಲವು ತಿಂಗಳ ಹಿಂದೆ ಒಂದು ಸಂಜೆ ನನ್ನ ಚಿಕ್ಕಮ್ಮ ಕರೆ ಮಾಡಿ, "ವಾಟ್ಸಾಪ್ ತನ್ನಷ್ಟಕ್ಕೆ ತಾನೇ ಲಾಗ್‌ಔಟ್ ಆಗಿಬಿಟ್ಟಿದೆ ಕಣೋ, ಯಾರ್ಯಾರೋ ಫೋನ್ ಮಾಡಿ ನಿಮಗೆ ದುಡ್ಡು ಯಾಕೆ ಬೇಕಾಯ್ತು ಅಂತ ಕೇಳ್ತಿದ್ದಾರೆ" ಎಂದರು. ಅವರ ಧ್ವನಿಯಲ್ಲಿ ಗಾಬರಿಗಿಂತ ನಾಚಿಕೆಯೇ ಹೆಚ್ಚಿತ್ತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಬಹುಕಾಲದ ಗೆಳತಿಯೊಬ್ಬರ ಖಾತೆಯಿಂದ "ನನ್ನ ಆರಂಕಿಯ ಕೋಡ್ ತಪ್ಪಿ ನಿಮ್ಮ ನಂಬರಿಗೆ ಬಂದಿದೆ, ದಯವಿಟ್ಟು ಕಳುಹಿಸಿ" ಎಂಬ ಸಂದೇಶ ಬಂದಿತ್ತು. ಮರುಕ್ಷಣವೇ ಎಸ್‌ಎಂಎಸ್‌ನಲ್ಲಿ ಕೋಡೂ ಬಂತು, ಚಿಕ್ಕಮ್ಮ ಅದನ್ನು ಕಳುಹಿಸಿದರು. ಅದು ಗೆಳತಿಯ ಕೋಡಲ್ಲ, ಚಿಕ್ಕಮ್ಮನ ವಾಟ್ಸಾಪನ್ನೇ ಬೇರೊಂದು ಫೋನಿನಲ್ಲಿ ತೆರೆಯುವ ಕೋಡ್. ಗೆಳತಿಯ ಖಾತೆ ಅದಾಗಲೇ ಕಳ್ಳರ ಕೈಯಲ್ಲಿತ್ತು ಎಂಬುದು ಅವರಿಗೆ ಹೇಗೆ ತಿಳಿಯಬೇಕು?

ಆ ಎಸ್‌ಎಂಎಸ್ ಅನ್ನು ನಾನು ಆಮೇಲೆ ನೋಡಿದೆ. ಈ ಕೋಡನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂಬ ಎಚ್ಚರಿಕೆ ಅದರಲ್ಲಿಯೇ ಇತ್ತು. ಆದರೆ ಫೋನಿನ ಪರದೆಯ ಮೇಲ್ತುದಿಯಲ್ಲಿ ಮೂಡುವ ಸೂಚನೆಯಲ್ಲಿ ಆರು ಅಂಕಿಗಳು ಮತ್ತು ಅವುಗಳನ್ನು ನಕಲು ಮಾಡುವ ಗುಂಡಿ ಎದ್ದು ಕಾಣುತ್ತವೆಯೇ ಹೊರತು ಎಚ್ಚರಿಕೆಯ ಸಾಲು ಕಣ್ಣಿಗೆ ಬೀಳುವುದೇ ಇಲ್ಲ. ಅವರನ್ನು ಅಜಾಗರೂಕರೆಂದು ದೂರಲು ನನಗೆ ಮನಸ್ಸು ಬರಲಿಲ್ಲ. ಆಪ್ತರು ಕೇಳಿದ ಸಣ್ಣ ಸಹಾಯವೊಂದನ್ನು ಅವರು ತಡಮಾಡದೆ ಮಾಡಿಕೊಟ್ಟಿದ್ದರು, ಅಷ್ಟೆ.

ನಾವು ತಕ್ಷಣ ಮಾಡಿದ ಕೆಲಸವನ್ನು ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ಅಂಥ ಹೊತ್ತಿನಲ್ಲಿ ಏನೂ ತೋಚುವುದಿಲ್ಲ. ಅವರ ಫೋನಿನಲ್ಲಿಯೇ ಅವರ ನಂಬರನ್ನು ಮತ್ತೆ ನೋಂದಾಯಿಸಿ, ಹೊಸದಾಗಿ ಬಂದ ಎಸ್‌ಎಂಎಸ್ ಕೋಡನ್ನು ನಮೂದಿಸಿದೆವು. ಹಾಗೆ ಮಾಡಿದ ಕೂಡಲೇ ಕಳ್ಳನ ಫೋನಿನಿಂದ ಖಾತೆ ಹೊರಬೀಳುತ್ತದೆ. ಆದರೆ ಅವನು ಅಷ್ಟರಲ್ಲೇ ಎರಡು ಹಂತದ ಪರಿಶೀಲನೆಯ ಪಿನ್ (ಎಸ್‌ಎಂಎಸ್ ಕೋಡಿನ ಜೊತೆಗೆ ಕೇಳುವ ಗುಟ್ಟಿನ ಸಂಖ್ಯೆ) ಹಾಕಿಬಿಟ್ಟಿದ್ದರಿಂದ, ಆ ಪಿನ್ ಗೊತ್ತಿಲ್ಲದ ನಾವು ಖಾತೆಯೊಳಗೆ ಹೋಗಲು 7 ದಿನ ಕಾಯಬೇಕಾಯಿತು. ಚಿಕ್ಕಮ್ಮ ಇದ್ದ ಗುಂಪುಗಳ ಸದಸ್ಯರಿಗೆಲ್ಲ ಹಣ ಕೇಳುವ ಸಂದೇಶ ಹೋಗಿತ್ತು, ಒಬ್ಬರಂತೂ ಕಳುಹಿಸಿಯೂ ಆಗಿತ್ತು. ಅಂದು ರಾತ್ರಿ ಚಿಕ್ಕಮ್ಮ ಒಬ್ಬೊಬ್ಬರಿಗೂ ಕರೆ ಮಾಡಿ ವಿಷಯ ತಿಳಿಸುತ್ತಾ ಕುಳಿತಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಆ ಪಿನ್ ಅನ್ನು ಮೊದಲೇ ಅವರೇ ಹಾಕಿಕೊಂಡಿದ್ದರೆ, ಎಸ್‌ಎಂಎಸ್ ಕೋಡ್ ಕಳ್ಳನ ಕೈಸೇರಿದ್ದರೂ ಖಾತೆ ಅವನದಾಗುತ್ತಿರಲಿಲ್ಲ. ಇದಕ್ಕೆ ಬೇಕಾಗುವುದು ಒಂದೇ ನಿಮಿಷ, ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ಎಂಬಲ್ಲಿಗೆ ಹೋದರೆ ಸಿಗುತ್ತದೆ.

ಈ ಘಟನೆಯ ನಂತರ ನನ್ನ ಖಾತೆಗಳನ್ನೆಲ್ಲ ಒಂದೊಂದಾಗಿ ಪರಿಶೀಲಿಸಲು ಕುಳಿತಾಗ ನನಗೆ ಸ್ಪಷ್ಟವಾದ ಸಂಗತಿಯೊಂದಿದೆ. ನಾವು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಬ್ಯಾಂಕ್ ಖಾತೆಗಳನ್ನು ಬೇರೆ ಬೇರೆ ಬಾಗಿಲುಗಳೆಂದು ಭಾವಿಸಿ ಒಂದೊಂದಕ್ಕೂ ಬೀಗದ ಚಿಂತೆ ಮಾಡುತ್ತೇವೆ. ಆದರೆ ಬಹುಪಾಲು ಖಾತೆಗಳಲ್ಲಿ "ಪಾಸ್‌ವರ್ಡ್ ಮರೆತಿದ್ದೀರಾ?" ಎಂಬುದನ್ನು ಒತ್ತಿದರೆ ಹೊಸ ಬೀಗದ ಕೈ ಹೋಗಿ ಬೀಳುವುದು ಒಂದೇ ಕಡೆ, ನಮ್ಮ ಇ-ಮೇಲ್ ಪೆಟ್ಟಿಗೆಯಲ್ಲಿ. ಅದು ತಾಯಿಬೇರು. ಅದು ಪರರ ಪಾಲಾದರೆ ಉಳಿದ ಖಾತೆಗಳ ಪಾಸ್‌ವರ್ಡ್ ಎಷ್ಟೇ ಕಠಿಣವಾಗಿದ್ದರೂ ಪ್ರಯೋಜನವಿಲ್ಲ.

2012ರ ಆಗಸ್ಟ್‌ನಲ್ಲಿ ಅಮೆರಿಕದ ತಂತ್ರಜ್ಞಾನ ಪತ್ರಿಕೆ ವೈರ್ಡ್‌ನ ಬರಹಗಾರ ಮ್ಯಾಟ್ ಹೋನನ್ ಅವರಿಗೆ ಆದದ್ದು ಇದಕ್ಕೆ ನಾನು ಬಲ್ಲ ಅತ್ಯಂತ ಸ್ಪಷ್ಟ ನಿದರ್ಶನ. ಕಳ್ಳರಿಗೆ ಬೇಕಾಗಿದ್ದುದು ಮೂರಕ್ಷರದ ಅವರ ಟ್ವಿಟರ್ ಹೆಸರು ಮಾತ್ರ. ಅವರು ಯಾವ ಪಾಸ್‌ವರ್ಡನ್ನೂ ಮುರಿಯಲಿಲ್ಲ. ಅಮೆಜಾನ್‌ನ ಗ್ರಾಹಕ ಸೇವೆಗೆ ಕರೆ ಮಾಡಿ ಹೋನನ್ ಅವರ ಖಾತೆಯೊಳಗೆ ನುಸುಳಿ, ಅಲ್ಲಿ ಕಾಣುತ್ತಿದ್ದ ಕ್ರೆಡಿಟ್ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನು ಆ್ಯಪಲ್‌ನ ಸಿಬ್ಬಂದಿಗೆ ಹೇಳಿ ಅಲ್ಲಿನ ಖಾತೆಯನ್ನು ಪಡೆದರು. ಆ ಆ್ಯಪಲ್ ಇ-ಮೇಲ್ ವಿಳಾಸವೇ ಜಿಮೇಲ್ ಖಾತೆಯ ಮರುಪಡೆಯುವಿಕೆಗೆ ಕೊಟ್ಟಿದ್ದ ವಿಳಾಸವಾಗಿದ್ದರಿಂದ ಜಿಮೇಲ್ ಕಳ್ಳರ ವಶವಾಯಿತು, ಜಿಮೇಲ್‌ನಿಂದ ಟ್ವಿಟರ್ ವಶವಾಯಿತು. ಅದರ ಜೊತೆಗೆ ಹೋನನ್ ಅವರ ಫೋನ್, ಟ್ಯಾಬ್ಲೆಟ್, ಮಗಳ ಎಳವೆಯ ಫೋಟೋಗಳಿದ್ದ ಲ್ಯಾಪ್‌ಟಾಪ್ ಮೂರನ್ನೂ ದೂರದಿಂದಲೇ ಅಳಿಸಿಹಾಕಿದರು. ಒಂದು ಸಂಸ್ಥೆ ಗುಟ್ಟೇನಲ್ಲವೆಂದು ಪರದೆಯ ಮೇಲೆ ತೋರಿಸುತ್ತಿದ್ದ ಅಂಕಿಗಳನ್ನೇ ಇನ್ನೊಂದು ಸಂಸ್ಥೆ ಗುರುತಿನ ಪುರಾವೆಯೆಂದು ಒಪ್ಪಿಕೊಳ್ಳುತ್ತಿತ್ತು. ಇಡೀ ಅನಾಹುತ ನಡೆದದ್ದು ಆ ಸಂದಿಯಲ್ಲಿ.

ಹಾಗಾಗಿ ಈ ಕೆಲಸವನ್ನು ಆರಂಭಿಸುವವರು ಸಾಮಾಜಿಕ ಜಾಲತಾಣದಿಂದಲ್ಲ, ಇ-ಮೇಲ್‌ನಿಂದ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮರುಪಡೆಯಲು ಕೊಟ್ಟಿರುವ ಫೋನ್ ನಂಬರು ಮತ್ತು ಇ-ಮೇಲ್ ವಿಳಾಸ ಈಗಲೂ ನಿಮ್ಮವೇ ಆಗಿವೆಯೇ ಎಂದು ಮೊದಲು ನೋಡಿ. ನನ್ನದರಲ್ಲಿ ಇದ್ದದ್ದು ವರ್ಷಗಳಿಂದ ನಾನು ತೆರೆದೇ ನೋಡದ ಒಂದು ಹಳೆಯ ವಿಳಾಸ. ಇದು ಸಣ್ಣ ಲೋಪವಲ್ಲ: 2013ರಲ್ಲಿ ಯಾಹೂ ಸಂಸ್ಥೆ 12 ತಿಂಗಳು ಬಳಸದೆ ಬಿಟ್ಟ ವಿಳಾಸಗಳನ್ನು ಬೇರೆಯವರಿಗೆ ಬಿಟ್ಟುಕೊಡುವುದಾಗಿ ಪ್ರಕಟಿಸಿತ್ತು. ನೀವು ಮರೆತ ವಿಳಾಸ ಹಾಗೆ ಇನ್ನೊಬ್ಬರದಾದರೆ ನಿಮ್ಮ ಹೊಸ ಪಾಸ್‌ವರ್ಡಿನ ಕೊಂಡಿ ಅವರ ಪೆಟ್ಟಿಗೆಗೆ ಹೋಗುತ್ತದೆ.

ಎರಡನೆಯದಾಗಿ, ಇ-ಮೇಲ್ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎಂಬ ಭಾಗಗಳನ್ನು ತೆರೆದು ನೋಡಿ. ಇದನ್ನು ಹೇಳುವವರು ಕಡಿಮೆ. ಖಾತೆಯೊಳಗೆ ಒಮ್ಮೆ ಹೊಕ್ಕ ಕಳ್ಳ ಗದ್ದಲ ಮಾಡಬೇಕೆಂದೇನಿಲ್ಲ. ಬರುವ ಪ್ರತಿಯೊಂದು ಪತ್ರದ ಪ್ರತಿ ತನಗೂ ಬರುವಂತೆ, ಬ್ಯಾಂಕಿನ ಹೆಸರಿರುವ ಪತ್ರಗಳು ನಿಮ್ಮ ಕಣ್ಣಿಗೆ ಬೀಳದೆ ನೇರವಾಗಿ ಕಸದ ಬುಟ್ಟಿ ಸೇರುವಂತೆ ಒಂದು ನಿಯಮ ಬರೆದು ಸುಮ್ಮನಿರುತ್ತಾನೆ. ನೀವು ಪಾಸ್‌ವರ್ಡ್ ಬದಲಿಸಿ ನಿಶ್ಚಿಂತರಾದರೂ ಆ ನಿಯಮ ತನ್ನ ಕೆಲಸ ಮಾಡುತ್ತಲೇ ಇರಬಹುದು. ಹಾಗೆಯೇ ಯಾವ ಯಾವ ಸಾಧನಗಳಲ್ಲಿ ಖಾತೆ ತೆರೆದಿದೆ ಎಂಬ ಪಟ್ಟಿಯನ್ನು ನೋಡಿ, ಗುರುತು ಸಿಗದವುಗಳನ್ನೆಲ್ಲ ಹೊರಹಾಕಬೇಕು.

ಪಾಸ್‌ವರ್ಡ್ ವಿಷಯದಲ್ಲಿ ನಾವು ಕಲಿತ ಪಾಠಗಳಲ್ಲಿ ಕೆಲವು ಹಳತಾಗಿವೆ. ತಿಂಗಳು ತಿಂಗಳೂ ಪಾಸ್‌ವರ್ಡ್ ಬದಲಿಸಬೇಕೆಂಬ ಕಟ್ಟುಪಾಡಿನ ಅಗತ್ಯವಿಲ್ಲವೆಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರ ತನ್ನ ಮಾರ್ಗಸೂಚಿಯಲ್ಲಿಯೇ ಹೇಳಿತು, ಏಕೆಂದರೆ ಜನರು ಕೊನೆಯ ಅಂಕಿಯೊಂದನ್ನು ಬದಲಿಸಿ ಕೈತೊಳೆದುಕೊಳ್ಳುತ್ತಾರೆ. ನಿಜವಾದ ಅಪಾಯ ಇರುವುದು ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಬಳಸುವುದರಲ್ಲಿ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕಳುವಾದ ಮಾಹಿತಿಯಲ್ಲಿ ಸುಮಾರು 11.7 ಕೋಟಿ ಬಳಕೆದಾರರ ಇ-ಮೇಲ್ ಮತ್ತು ಗೂಢಲಿಪಿಯ ಪಾಸ್‌ವರ್ಡ್‌ಗಳಿದ್ದು, ನಾಲ್ಕು ವರ್ಷಗಳ ನಂತರ ಅವು ಮಾರಾಟಕ್ಕೆ ಬಂದವು. ಇಂತಹ ಪಟ್ಟಿ ಕೈಗೆ ಸಿಕ್ಕವರು ಕಂಪ್ಯೂಟರ್ ಪ್ರೋಗ್ರಾಂ ಒಂದರ ಮೂಲಕ ಅವೇ ಜೋಡಿಗಳನ್ನು ಬೇರೆ ಬೇರೆ ತಾಣಗಳಲ್ಲಿ ಹಾಕಿ ನೋಡುತ್ತಾ ಹೋಗುತ್ತಾರೆ. ಎಂದೋ ಮರೆತ ತಾಣವೊಂದರಲ್ಲಿ ನೀವು ಬಳಸಿದ ಪಾಸ್‌ವರ್ಡ್ ಇಂದು ನಿಮ್ಮ ಇನ್‌ಸ್ಟಾಗ್ರಾಂ ಬಾಗಿಲನ್ನು ತೆರೆಯುವುದು ಹೀಗೆ. ನಿಮ್ಮ ಇ-ಮೇಲ್ ಇಂತಹ ಸೋರಿಕೆಗಳಲ್ಲಿ ಸಿಕ್ಕಿಬಿದ್ದಿದೆಯೇ ಎಂಬುದನ್ನು ಭದ್ರತಾ ತಜ್ಞ ಟ್ರಾಯ್ ಹಂಟ್ ಅವರು 2013ರಲ್ಲಿ ಆರಂಭಿಸಿದ ಹ್ಯಾವ್ ಐ ಬೀನ್ ಪೋನ್ಡ್ ಎಂಬ ತಾಣದಲ್ಲಿ ಉಚಿತವಾಗಿ ನೋಡಬಹುದು. ಪ್ರತಿ ಖಾತೆಗೂ ಬೇರೆಯದೇ ಆದ ಉದ್ದನೆಯ ಪಾಸ್‌ವರ್ಡ್ ಇಡಲು, ಅವುಗಳನ್ನು ನಮ್ಮ ಬದಲು ನೆನಪಿಟ್ಟುಕೊಳ್ಳುವ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಆ್ಯಪ್ ಸುಲಭದ ದಾರಿ. ಅದು ಒಗ್ಗದ ಹಿರಿಯರು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿ ಇಟ್ಟುಕೊಂಡರೂ, ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಅದು ಎಷ್ಟೋ ಮೇಲು. ದೂರದ ಊರಿನ ಕಳ್ಳ ನಿಮ್ಮ ಬೀರುವನ್ನು ತೆರೆಯಲಾರ.

ಪಾಸ್‌ವರ್ಡಿನ ಜೊತೆಗೆ ಎರಡನೆಯ ಹಂತದ ಪರಿಶೀಲನೆ ಇರಲೇಬೇಕು. ಎಸ್‌ಎಂಎಸ್‌ನಲ್ಲಿ ಬರುವ ಕೋಡ್ ಏನೂ ಇಲ್ಲದಿರುವುದಕ್ಕಿಂತ ಉತ್ತಮ, ಆದರೆ ಅದು ನಿಮ್ಮ ಫೋನಿಗಲ್ಲ, ನಿಮ್ಮ ನಂಬರಿಗೆ ಬರುತ್ತದೆ ಎಂಬುದನ್ನು ಮರೆಯಬಾರದು. ಮೊಬೈಲ್ ಸೇವಾ ಸಂಸ್ಥೆಯನ್ನು ಮೋಸಗೊಳಿಸಿ ಆ ನಂಬರನ್ನು ತನ್ನ ಸಿಮ್‌ಗೆ ವರ್ಗಾಯಿಸಿಕೊಂಡವನಿಗೆ ಕೋಡ್‌ಗಳೆಲ್ಲವೂ ಸಿಗುತ್ತವೆ. 2019ರ ಆಗಸ್ಟ್‌ನಲ್ಲಿ ಟ್ವಿಟರ್‌ನ ಮುಖ್ಯಸ್ಥರಾಗಿದ್ದ ಜ್ಯಾಕ್ ಡಾರ್ಸಿ ಅವರ ಟ್ವಿಟರ್ ಖಾತೆಯೇ ಫೋನ್ ನಂಬರು ಕಳ್ಳರ ವಶವಾದ್ದರಿಂದ ಕೈತಪ್ಪಿತ್ತು. ನಿಮ್ಮ ಫೋನಿನಲ್ಲಿ ಕಾರಣವಿಲ್ಲದೆ ಸಿಗ್ನಲ್ ಹೋಗಿ ಬಹಳ ಹೊತ್ತಾದರೂ ಬಾರದಿದ್ದರೆ, ನಾಳೆ ನೋಡೋಣವೆಂದು ಬಿಡದೆ ಬೇರೊಂದು ಫೋನಿನಿಂದ ಸೇವಾ ಸಂಸ್ಥೆಗೂ ಬ್ಯಾಂಕಿಗೂ ಕರೆ ಮಾಡಿ. ಫೋನಿನಲ್ಲೇ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್‌ಗೆ ಈ ತೊಂದರೆಯಿಲ್ಲ. ಆದರೂ ನಕಲಿ ತಾಣವೊಂದರಲ್ಲಿ ನೀವೇ ಆ ಕೋಡನ್ನು ನಮೂದಿಸಿದರೆ ಕಳ್ಳ ಅದನ್ನು ಆ ಅರ್ಧ ನಿಮಿಷದೊಳಗೇ ಅಸಲಿ ತಾಣದಲ್ಲಿ ಬಳಸಬಲ್ಲ. ಈ ಮೋಸಕ್ಕೂ ಬಗ್ಗದಿರುವುದು ಪಾಸ್‌ಕೀ, ಅಂದರೆ ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು ಇಲ್ಲವೇ ಪರದೆಯ ಬೀಗದಿಂದ ಖಾತೆ ತೆರೆಯುವ ಡಿಜಿಟಲ್ ಕೀಲಿ. ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಸೇರಿ 2022ರಲ್ಲಿ ಇದರ ಬೆಂಬಲಕ್ಕೆ ನಿಂತವು. ಪಾಸ್‌ಕೀ ತಾನು ಸೃಷ್ಟಿಯಾದ ತಾಣದ ವಿಳಾಸಕ್ಕೆ ಮಾತ್ರ ಉತ್ತರಿಸುತ್ತದೆ. ಒಂದಕ್ಷರ ವ್ಯತ್ಯಾಸವಿರುವ ನಕಲಿ ವಿಳಾಸವನ್ನು ನಮ್ಮ ಕಣ್ಣು ಗುರುತಿಸದಿದ್ದರೂ ಅದು ಗುರುತಿಸುತ್ತದೆ. ಸಾಧ್ಯವಿರುವ ಕಡೆಯಲ್ಲೆಲ್ಲ, ಮೊದಲಿಗೆ ಇ-ಮೇಲ್‌ಗೆ, ಅದನ್ನೇ ಬಳಸಿ. ಫೋನ್ ಇಲ್ಲದಾಗ ಒಳಹೋಗಲೆಂದು ಖಾತೆ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ, ಫೋನ್ ಕಳೆದ ದಿನ ಫೋನಿನಲ್ಲೇ ಇಟ್ಟ ನಕಲು ಕೆಲಸಕ್ಕೆ ಬಾರದು.

ಇನ್ನು ಹಣದ ವಿಚಾರ. ಹಣ ಕದಿಯುವವರ ಮುಖ್ಯ ಬಂಡವಾಳ ನಮ್ಮ ಗಡಿಬಿಡಿ. ನಿಮ್ಮ ಖಾತೆ ಇಂದೇ ಸ್ಥಗಿತಗೊಳ್ಳುತ್ತದೆ, ನಿಮ್ಮ ಪಾರ್ಸೆಲ್ ತಡೆಹಿಡಿಯಲಾಗಿದೆ, ಮಗ ಆಸ್ಪತ್ರೆಯಲ್ಲಿದ್ದಾನೆ ಎಂದು ಯೋಚಿಸಲು ಬಿಡುವು ಕೊಡದ ಮಾತುಗಳನ್ನೇ ಅವರು ಆರಿಸಿಕೊಳ್ಳುತ್ತಾರೆ. ಬ್ಯಾಂಕಿನಿಂದ ಬರುವ ಓಟಿಪಿ ಸಂದೇಶದಲ್ಲಿ ಅಂಕಿಗಳ ಜೊತೆಗೆ ಎಷ್ಟು ಹಣ, ಯಾರಿಗೆ ಎಂಬುದೂ ಅನೇಕ ಸಲ ಇರುತ್ತದೆ. ಅದನ್ನು ಪೂರ್ತಿ ಓದುವ ಅಭ್ಯಾಸವೊಂದೇ ಎಷ್ಟೋ ಮೋಸಗಳನ್ನು ಅಲ್ಲೇ ನಿಲ್ಲಿಸುತ್ತದೆ. ಪಾವತಿ ಆ್ಯಪ್‌ನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದರ್ಥ. ಸಹಾಯ ಮಾಡುತ್ತೇವೆಂದು ಹೇಳಿ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿಕೊಳ್ಳುವವರು ನಿಮ್ಮ ಓಟಿಪಿಯನ್ನು ಕೇಳುವುದೂ ಇಲ್ಲ, ಅವರೇ ಓದಿಕೊಳ್ಳುತ್ತಾರೆ. ಗ್ರಾಹಕ ಸೇವೆಯ ನಂಬರನ್ನು ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲು ಸಿಗುವುದು ಕಳ್ಳರದೇ ನಂಬರಾಗಿರಬಹುದಾದ್ದರಿಂದ, ಕಾರ್ಡಿನ ಹಿಂಬದಿಯಲ್ಲಿರುವ ನಂಬರನ್ನು ಇಂದೇ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ನಾನು ಮಾಡಿಕೊಂಡ ಇನ್ನೊಂದು ಏರ್ಪಾಡಿನಿಂದ ನನಗೆ ನಿಜವಾಗಿ ನೆಮ್ಮದಿ ಸಿಕ್ಕಿದೆ. ಉಳಿತಾಯದ ಹಣವಿರುವ ಖಾತೆಯನ್ನು ಫೋನಿನ ಯಾವ ಪಾವತಿ ಆ್ಯಪ್‌ಗೂ ಜೋಡಿಸಿಲ್ಲ. ದಿನನಿತ್ಯದ ಖರ್ಚಿಗೆ ಬೇರೆಯದೇ ಖಾತೆಯಿದ್ದು, ಅದರಲ್ಲಿ ಆ ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಇಡುತ್ತೇನೆ. ಕಾರ್ಡಿನ ದಿನದ ಮಿತಿಯನ್ನು ಕಡಿಮೆ ಮಾಡಿ, ಪ್ರತಿ ವ್ಯವಹಾರಕ್ಕೂ ಸೂಚನೆ ಬರುವಂತೆ ಮಾಡಿಕೊಂಡಿದ್ದೇನೆ. ಮೋಸಹೋಗುವುದೇ ಇಲ್ಲವೆಂಬ ಧೈರ್ಯ ನನಗಿಲ್ಲ, ಹೋದರೂ ಎಲ್ಲವೂ ಒಟ್ಟಿಗೆ ಹೋಗದು. ಅಕಸ್ಮಾತ್ ಹಣ ಹೋದದ್ದು ತಿಳಿದರೆ ಮೊದಲ ಕರೆ ಬ್ಯಾಂಕಿಗೆ, ನಂತರ ಪೊಲೀಸರಿಗೆ. ಕದ್ದ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ದಾಟುತ್ತಲೇ ಇರುವುದರಿಂದ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ನಾಚಿಕೆಯಿಂದ ಮುಚ್ಚಿಡುವವರು ಕಳೆದುಕೊಳ್ಳುವುದು ಆ ಗಂಟೆಗಳನ್ನೇ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಎಂಬ ಗಾದೆ ಇಲ್ಲಿ ಪೂರ್ತಿ ಸಲ್ಲದು. ಸೂರೆ ನಡೆಯುತ್ತಿರುವಾಗಲೂ ಹಾಕಬಹುದಾದ ಬಾಗಿಲುಗಳಿವೆ.

ಏಳು ದಿನ ಕಳೆದ ಮೇಲೆ ಚಿಕ್ಕಮ್ಮನ ಖಾತೆ ಮರಳಿ ಸಿಕ್ಕಿತು. ಹಣ ಕಳುಹಿಸಿದ್ದವರಿಗೆ ಅವರು ಬೇಡವೆಂದರೂ ಕೇಳದೆ ತಮ್ಮ ಕೈಯಿಂದಲೇ ಅದನ್ನು ಹಿಂತಿರುಗಿಸಿದರು. ಪಿನ್ ಅನ್ನು ನನ್ನ ಮುಂದೆ ಹಾಕಲಿಲ್ಲ, ನೀನೂ ನೋಡಬಾರದು ಎಂದು ಫೋನನ್ನು ತಿರುಗಿಸಿಕೊಂಡರು. ಕಳೆದ ವಾರ ನನ್ನ ತಂಗಿಯ ಖಾತೆಯಿಂದ ತುರ್ತಾಗಿ ಸ್ವಲ್ಪ ಹಣ ಬೇಕೆಂಬ ಸಂದೇಶ ಅವರಿಗೆ ಬಂದಿತ್ತು. ಅವರು ಉತ್ತರ ಬರೆಯಲಿಲ್ಲ, ನೇರವಾಗಿ ಅವಳ ನಂಬರಿಗೆ ಕರೆ ಮಾಡಿ ಧ್ವನಿ ಕೇಳಿದರು, ಅಷ್ಟು ಸಾಲದೆ ಇಬ್ಬರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆಯನ್ನೂ ಕೇಳಿದರು. ಹಣ ಕೇಳಿದವಳು ನಿಜವಾಗಿಯೂ ತಂಗಿಯೇ ಆಗಿದ್ದಳು. ಚಿಕ್ಕಮ್ಮ ಆಮೇಲೆ ಹಣ ಕಳುಹಿಸಿದರು.